ಬಿರುಕಿರುವ ಊರಿನಲ್ಲಿ ಯುವಜನರೊಡನೆ ಕೆಲಸ: ಬದಲಾವಣೆಯನ್ನು ಅಳೆಯುವುದು ಹೇಗೆ

ಬೇರೆ ಬೇರೆ ಕೇರಿಗಳ ಹುಡುಗ ಹುಡುಗಿಯರು ಶಿಬಿರದಲ್ಲಿ ಒಂದೇ ಸಾಲಿನಲ್ಲಿ ಕುಳಿತು ಉಂಡರೆ ಅದು ಶಿಬಿರದ ಶಿಸ್ತಿನ ಫಲ. ಶಿಬಿರ ಮುಗಿದು ಆರು ತಿಂಗಳಾದ ಮೇಲೆ, ಕಾರ್ಯಕರ್ತರು ಯಾರೂ ಹತ್ತಿರವಿಲ್ಲದಾಗ, ಅದೇ ಮಕ್ಕಳು ಮೀನು ದಕ್ಕೆಯಲ್ಲೋ ಟೆಂಪೋ ನಿಲ್ಲುವಲ್ಲೋ ಎದುರಾಗಿ ತಾವಾಗಿಯೇ ನಿಂತು ಮಾತನಾಡಿದರೆ ಅದನ್ನು ಬದಲಾವಣೆ ಎನ್ನಬಹುದು. ಉತ್ತರ ಕನ್ನಡದಲ್ಲಿ ಯುವಜನರೊಡನೆ ಕೆಲಸ ಮಾಡುವ ಸಂಘಗಳು, ಯುವಕ ಮತ್ತು ಯುವತಿ ಮಂಡಳಗಳು, ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳು ಸಾಮಾನ್ಯವಾಗಿ ಮೊದಲನೆಯದನ್ನು ಎಣಿಸಿ ವರದಿ ಬರೆಯುತ್ತವೆ. ಹಾಜರಿ ಪುಸ್ತಕವೂ ಫೋಟೋಗಳೂ ಕೈಯಲ್ಲಿರುವುದರಿಂದ ಅದು ಸುಲಭ. ಎರಡನೆಯದನ್ನು ಕಡಿಮೆ ಖರ್ಚಿನಲ್ಲಿ, ನಂಬಬಹುದಾದ ರೀತಿಯಲ್ಲಿ, ಯಾವ ಮಗುವಿಗೂ ಅಪಾಯವಾಗದಂತೆ ಅಳೆಯುವುದು ಹೇಗೆ ಎಂಬುದಷ್ಟೇ ಈ ಬರಹದ ವಿಷಯ. ಸಂಶೋಧನೆಯ ತರಬೇತಿ ಇಲ್ಲದ, ಆದರೆ ವಾರಕ್ಕೆರಡು ಸಂಜೆ ಹುಡುಗರ ಜೊತೆ ಮೈದಾನದಲ್ಲಿರುವ ಕಾರ್ಯಕರ್ತರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

ಬಿರುಕು ಎಲ್ಲಿದೆ ಎಂದು ಮೊದಲು ಗುರುತಿಸಿಕೊಳ್ಳಿ

ನಮ್ಮ ಕರಾವಳಿಯಲ್ಲಿ ಒಡಕು ಎಂದಾಕ್ಷಣ 1993ರ ಭಟ್ಕಳದ ಗಲಭೆಯೋ, 2017ರ ಡಿಸೆಂಬರಿನಲ್ಲಿ ಹೊನ್ನಾವರ, ಕುಮಟಾ, ಶಿರಸಿಗಳಲ್ಲಿ ಹಬ್ಬಿದ ಉದ್ವೇಗವೋ ನೆನಪಾಗುತ್ತದೆ. ಹಿಂದೂ ಮುಸ್ಲಿಮರ ನಡುವಿನ ಆ ಗೆರೆ ನಿಜ, ಆದರೆ ಅದೊಂದೇ ಗೆರೆಯಲ್ಲ. ಅಂಕೋಲಾ ಕುಮಟಾಗಳ ಹಾಲಕ್ಕಿ ಕೊಪ್ಪದ ಹುಡುಗಿಗೆ ಪಕ್ಕದ ಕೇರಿಯ ಮನೆಯ ಜಗಲಿ ಎಷ್ಟು ದೂರ ಎಂಬುದು ಜಾತಿಯ ಪ್ರಶ್ನೆ. ಯಲ್ಲಾಪುರ, ಹಳಿಯಾಳಗಳ ಆಫ್ರಿಕಾ ಮೂಲದ ಸಿದ್ದಿಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಈ ಸಮುದಾಯದ ಹುಡುಗನಿಗೆ ಶಾಲೆಯಲ್ಲಿ ಎದುರಾಗುವ ತಾರತಮ್ಯಕ್ಕೆ ಧರ್ಮ ಬೇಕಾಗಿಯೇ ಇಲ್ಲ, ಬಣ್ಣವೂ ಕೂದಲೂ ಸಾಕು. ಕಾರವಾರದ ಸುತ್ತ ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟವರ ಪುನರ್ವಸತಿ ಕೇರಿಗಳಿಗೂ ಮೂಲದಿಂದ ಅಲ್ಲೇ ಇದ್ದವರಿಗೂ ನಡುವೆ ಇನ್ನೊಂದು ಅಂತರವಿದೆ. ದೊಡ್ಡ ಬಲೆಯ ಯಾಂತ್ರಿಕ ಪರ್ಸಿನ್ ಬೋಟಿನವರ ಮಕ್ಕಳಿಗೂ ಸಣ್ಣ ಪಾತಿ ದೋಣಿಯವರ ಮಕ್ಕಳಿಗೂ, ಕೊಂಕಣಿ ಅಥವಾ ಭಟ್ಕಳದ ಕಡೆಯ ಮುಸ್ಲಿಮರ ನವಾಯತಿ ಮಾತನಾಡುವವರಿಗೂ ಮನೆಯಲ್ಲಿ ಕನ್ನಡ ಆಡುವವರಿಗೂ ಇರುವ ಅಂತರಗಳು ಬೇರೆಯೇ. ನಿಮ್ಮ ಕೆಲಸ ಇವುಗಳಲ್ಲಿ ಯಾವುದನ್ನು ಮುಟ್ಟುತ್ತದೆ ಎಂದು ಹೆಸರಿಟ್ಟು ಹೇಳದೆ ಅಳತೆಗೆ ಹೊರಟರೆ ಕೊನೆಗೆ ಉಳಿಯುವುದು ‘ಸೌಹಾರ್ದ ಹೆಚ್ಚಿದೆ’ ಎಂಬ, ಯಾರೂ ಪರೀಕ್ಷಿಸಲಾಗದ ವಾಕ್ಯ.

ಇದಕ್ಕೆ ದೊಡ್ಡ ಸಮೀಕ್ಷೆ ಬೇಡ. ಹತ್ತು ಹನ್ನೆರಡು ಯುವಜನರನ್ನು ಕೂಡಿಸಿ, ಒಂದು ದೊಡ್ಡ ಹಾಳೆಯ ಮೇಲೆ ಅವರ ಊರನ್ನು ಅವರಿಂದಲೇ ಬರೆಸಿ: ಶಾಲೆ, ಬಸ್ ನಿಲ್ದಾಣ, ದಕ್ಕೆ, ಗುಡಿ, ಮಸೀದಿ, ಇಗರ್ಜಿ, ಮೈದಾನ, ಬಾವಿ, ಗೂಡಂಗಡಿ. ಬಳಿಕ ತಾವು ನಿರಾಳವಾಗಿ ಹೋಗುವ ಜಾಗಕ್ಕೆ ಒಂದು ಬಣ್ಣ, ಕೆಲಸವಿದ್ದರೆ ಮಾತ್ರ ಹೋಗುವ ಜಾಗಕ್ಕೆ ಇನ್ನೊಂದು, ಹೋಗದೇ ಇರುವ ಜಾಗಕ್ಕೆ ಮತ್ತೊಂದು ಬಣ್ಣ ಹಚ್ಚಲು ಹೇಳಿ. ಹುಡುಗರದೂ ಹುಡುಗಿಯರದೂ ಬೇರೆ ಬೇರೆ ಹಾಳೆಯಾಗಿರಲಿ, ಏಕೆಂದರೆ ಅವೆರಡು ಒಂದೇ ಊರಿನ ನಕ್ಷೆಗಳಂತೆ ಕಾಣುವುದೇ ಇಲ್ಲ. ಹೀಗೆ ಬರೆದ ನಕ್ಷೆಯೇ ನಿಮ್ಮ ಮೊದಲ ದಾಖಲೆ. ದಿನಾಂಕ ಹಾಕಿ ಎತ್ತಿಡಿ. ಎರಡು ವರ್ಷದ ಮೇಲೆ ಅದೇ ವಯಸ್ಸಿನವರಿಂದ ಮತ್ತೆ ಬರೆಸಿದಾಗ ಬಣ್ಣ ಎಲ್ಲಿ ಬದಲಾಗಿದೆ ಎಂಬುದು ಪುಟಗಟ್ಟಲೆ ವರದಿಗಿಂತ ಹೆಚ್ಚು ಹೇಳುತ್ತದೆ.

ಒಡಕಿನ ಜೊತೆ ಬಡತನದ ಲೆಕ್ಕವನ್ನೂ ಇಡಬೇಕು. ಎಸ್ಸೆಸ್ಸೆಲ್ಸಿ ನಂತರ ಓದು ಬಿಟ್ಟು ಗೋವೆಗೆ ಕೆಲಸಕ್ಕೆ ಹೋಗುವ ಹುಡುಗನಿಗೆ ಸೌಹಾರ್ದದ ಶಿಬಿರಕ್ಕಿಂತ ಮೊದಲು ಬೇಕಾದದ್ದು ಕೂಲಿ. ಸಂಜೆಯ ಬಸ್ಸಿಲ್ಲದ ಊರಿನ ಹುಡುಗಿ ನಿಮ್ಮ ಕಾರ್ಯಕ್ರಮಕ್ಕೆ ಬಾರದಿದ್ದರೆ ಅದು ಆಸಕ್ತಿಯ ಕೊರತೆಯಲ್ಲ. ಇದನ್ನು ದಾಖಲಿಸದಿದ್ದರೆ, ಬರಲು ಅನುಕೂಲವಿದ್ದವರನ್ನು ಮಾತ್ರ ಅಳೆದು ಎಲ್ಲರ ಹೆಸರಿನಲ್ಲಿ ತೀರ್ಮಾನ ಬರೆದಂತಾಗುತ್ತದೆ.

ಯಾವ ಬದಲಾವಣೆ, ಯಾವ ದಾರಿಯಿಂದ

ಈ ಬಗೆಯ ಕೆಲಸದಲ್ಲಿ ದೀರ್ಘ ಅನುಭವವಿರುವ ಪ್ರದೇಶಗಳಲ್ಲಿ ಉತ್ತರ ಐರ್ಲೆಂಡ್ ಒಂದು. ಪ್ರೊಟೆಸ್ಟೆಂಟ್ ಮತ್ತು ಕ್ಯಾಥೊಲಿಕ್ ವಸತಿಗಳ ನಡುವೆ ಇಂದಿಗೂ ಎತ್ತರದ ಗೋಡೆಗಳಿರುವ ಅಲ್ಲಿ, 1998ರ ಶಾಂತಿ ಒಪ್ಪಂದದ ನಂತರ ಯುವಜನರ ಕಾರ್ಯಕ್ರಮಗಳಿಗೆ ಐರೋಪ್ಯ ಒಕ್ಕೂಟದ ಹಣ ದೊಡ್ಡ ಪ್ರಮಾಣದಲ್ಲಿ ಬಂತು. ‘ಪೀಸ್ ಫೋರ್ ಯೂತ್’ ಎಂಬ ಕಾರ್ಯಕ್ರಮ 14ರಿಂದ 24 ವರ್ಷದವರಲ್ಲಿ ಮೂರು ಬಗೆಯ ಬದಲಾವಣೆಯನ್ನು ಬೇರೆ ಬೇರೆಯಾಗಿ ನೋಡಿತು: ವ್ಯಕ್ತಿಯಾಗಿ ಬೆಳೆಯುವುದು, ಇನ್ನೊಂದು ಸಮುದಾಯದೊಡನೆ ಸಂಬಂಧ, ನಾಗರಿಕರಾಗಿ ಭಾಗವಹಿಸುವುದು. ಈ ವಿಂಗಡಣೆಯನ್ನು ನಾವೂ ಹಾಗೆಯೇ ತೆಗೆದುಕೊಳ್ಳಬಹುದು, ಏಕೆಂದರೆ ಮೂರೂ ಒಟ್ಟಿಗೆ ಏರುವುದಿಲ್ಲ. ಧೈರ್ಯವಾಗಿ ಮಾತನಾಡಲು ಕಲಿತ ಹುಡುಗ ಆ ಧೈರ್ಯವನ್ನು ತನ್ನ ಕೇರಿಯ ದ್ವೇಷದ ಭಾಷಣಕ್ಕೂ ಬಳಸಬಲ್ಲ. ಆತ್ಮವಿಶ್ವಾಸದ ಅಂಕ ಹೆಚ್ಚಿತೆಂದು ಸೌಹಾರ್ದವೂ ಹೆಚ್ಚಿತೆಂದು ಬರೆಯಲು ಬರುವುದಿಲ್ಲ.

ನಂತರ ಒಂದು ಪುಟದಲ್ಲಿ, ನಿಮ್ಮ ಚಟುವಟಿಕೆಯಿಂದ ಆ ಬದಲಾವಣೆಯವರೆಗಿನ ಕೊಂಡಿಗಳನ್ನು ಒಂದೊಂದಾಗಿ ಬರೆಯಿರಿ. ವಾಲಿಬಾಲ್ ಆಡಿಸಿದರೆ ಸ್ನೇಹ ಬೆಳೆಯುತ್ತದೆ ಎಂದು ನಂಬಿದ್ದರೆ, ಏಕೆ ಬೆಳೆಯುತ್ತದೆ ಎಂಬುದನ್ನೂ ಬರೆಯಬೇಕು. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿಯೇ ಇದಕ್ಕೆ ನಾಲ್ಕು ಷರತ್ತುಗಳನ್ನು ಹೇಳಿದ್ದರು: ಸೇರಿದವರಿಗೆ ಸಮಾನ ಸ್ಥಾನವಿರಬೇಕು, ಒಂದೇ ಗುರಿಯಿರಬೇಕು, ಆ ಗುರಿಗಾಗಿ ಪರಸ್ಪರ ಸಹಕಾರ ಬೇಕು, ಊರಿನ ಹಿರಿಯರು ಮತ್ತು ಸಂಸ್ಥೆಗಳ ಒಪ್ಪಿಗೆಯೂ ಬೇಕು. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ ಬೇರೆ ಬೇರೆ ಜಾತಿಯ ಯುವಕರ ಕ್ರಿಕೆಟ್ ಲೀಗ್ ನಡೆಸಿ ಮಾಡಿದ ಅಧ್ಯಯನ ನಮಗೆ ಇನ್ನೂ ಹತ್ತಿರದ್ದು: ಒಂದೇ ತಂಡದಲ್ಲಿ ಆಡಿದವರ ನಡುವೆ ಜಾತಿ ದಾಟಿದ ಸ್ನೇಹ ಹೆಚ್ಚಿತು, ಎದುರಾಳಿಗಳಾಗಿ ಆಡಿದಾಗ ಅಂತಹ ಲಾಭ ಹೆಚ್ಚಾಗಿ ಕಾಣಲಿಲ್ಲ, ಕೆಲವೆಡೆ ಪರಿಣಾಮ ತಿರುಗುಮುರುಗೂ ಆಯಿತು. ಕೇರಿಗೊಂದು ತಂಡ ಕಟ್ಟಿ ಪಂದ್ಯಾವಳಿ ನಡೆಸುವ ನಮ್ಮ ರೂಢಿಯನ್ನು ಈ ಬೆಳಕಿನಲ್ಲಿ ಒಮ್ಮೆ ನೋಡಬೇಕು. ಅಳತೆಗೆ ಮೊದಲು ತಂಡ ಕಟ್ಟುವ ರೀತಿಯನ್ನೇ ಬದಲಿಸಬೇಕಾಗಬಹುದು, ಮತ್ತು ಅದು ಅಳತೆಯ ಕೆಲಸದಿಂದ ಸಿಗುವ ಮೊದಲ ಲಾಭ.

ಇರಾಕಿನಲ್ಲಿ ಸಲ್ಮಾ ಮೂಸಾ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಎಚ್ಚರಿಕೆ ಕೊಡುತ್ತದೆ. ಐಸಿಸ್ ದಾಳಿಯಿಂದ ನಿರಾಶ್ರಿತರಾದ ಕ್ರೈಸ್ತ ಆಟಗಾರರ ಕೆಲವು ಫುಟ್‌ಬಾಲ್ ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿದಾಗ, ಮೈದಾನದ ಒಳಗಿನ ಮತ್ತು ಲೀಗಿನ ಸುತ್ತಲಿನ ನಡವಳಿಕೆ ಸುಧಾರಿಸಿತು. ಅಪರಿಚಿತ ಮುಸ್ಲಿಮರೊಡನೆ ಮೈದಾನದ ಹೊರಗಿನ ನಡವಳಿಕೆ ಅಷ್ಟಾಗಿ ಬದಲಾಗಲಿಲ್ಲ. ಆದ್ದರಿಂದ ನಮ್ಮ ಪ್ರಶ್ನೆಗಳು ಮೂರು ವಲಯಗಳನ್ನು ಪ್ರತ್ಯೇಕವಾಗಿ ಕೇಳಬೇಕು. ನಿನ್ನ ತಂಡದಲ್ಲಿರುವ ಆ ಕೇರಿಯ ಗೆಳೆಯ, ನಿನ್ನ ತಂಡದಲ್ಲಿಲ್ಲದ ಆದರೆ ಮುಖಪರಿಚಯವಿರುವ ಆ ಕೇರಿಯವ, ಹೆಸರೇ ಗೊತ್ತಿಲ್ಲದ ಆ ಸಮುದಾಯದವ. ಮೊದಲ ವಲಯದಲ್ಲಿ ಬದಲಾವಣೆ ಬಹಳ ಬೇಗ ಕಾಣುತ್ತದೆ. ಮೂರನೆಯದರಲ್ಲಿ ಕಾಣಲು ವರ್ಷಗಳು ಬೇಕು, ಮತ್ತು ಊರಿಗೆ ನಿಜವಾಗಿ ಬೇಕಾದದ್ದು ಅದೇ.

ಏನನ್ನು ಕೇಳಬೇಕು, ಏನನ್ನು ನೋಡಬೇಕು

‘ಎಲ್ಲ ಧರ್ಮದವರೂ ಸಮಾನರು ಎಂದು ನೀನು ಒಪ್ಪುತ್ತೀಯಾ’ ಎಂದು ಕೇಳಿದರೆ ಹತ್ತರಲ್ಲಿ ಹತ್ತು ಮಂದಿ ಹೌದೆನ್ನುತ್ತಾರೆ. ಶಾಲೆಯ ಪ್ರಬಂಧದಲ್ಲಿ ಅವರು ಅದನ್ನೇ ಬರೆದು ಬೆಳೆದವರು. ಕೇಳುವವರನ್ನು ಮೆಚ್ಚಿಸುವ ಉತ್ತರಕ್ಕೆ ಅವಕಾಶ ಕೊಡುವ ಪ್ರಶ್ನೆ ಎಷ್ಟೇ ಚೆನ್ನಾಗಿದ್ದರೂ ಅಳತೆಗೆ ಬಾರದು. ಅಭಿಪ್ರಾಯಕ್ಕಿಂತ ನಡೆದದ್ದನ್ನು, ಅದೂ ಇತ್ತೀಚಿನ ನಿಗದಿತ ಅವಧಿಯಲ್ಲಿ ನಡೆದದ್ದನ್ನು ಕೇಳಬೇಕು. ಕಳೆದ ಒಂದು ತಿಂಗಳಲ್ಲಿ ಬೇರೆ ಸಮುದಾಯದ ಗೆಳೆಯ ಅಥವಾ ಗೆಳತಿಯ ಮನೆಯೊಳಗೆ ಹೋಗಿ ಕುಳಿತದ್ದುಂಟೇ? ಅವರು ನಿಮ್ಮ ಮನೆಗೆ ಬಂದದ್ದುಂಟೇ, ಬಂದಾಗ ಏನಾದರೂ ತಿಂದರೇ? ಕಾರ್ಯಕ್ರಮದ ವಿಷಯ ಬಿಟ್ಟು ಬೇರೆ ಕಾರಣಕ್ಕೆ ಅವರಿಗೆ ಫೋನ್ ಮಾಡಿದಿರಾ? ನಿಮ್ಮ ಎದುರಿಗೆ ಯಾರೋ ಆ ಸಮುದಾಯವನ್ನು ಹೀಯಾಳಿಸಿದಾಗ ನೀವು ಏನು ಮಾಡಿದಿರಿ: ನಕ್ಕಿರೋ, ಸುಮ್ಮನಿದ್ದಿರೋ, ಎದ್ದು ಹೋದಿರೋ, ಮಾತನಾಡಿದಿರೋ? ಇಂತಹ ಎಂಟು ಹತ್ತು ಪ್ರಶ್ನೆಗಳು ಸಾಕು. ಅಮೆರಿಕದ ಸಮಾಜಶಾಸ್ತ್ರಜ್ಞ ಬೊಗಾರ್ಡಸ್ 1920ರ ದಶಕದಲ್ಲಿ ರೂಪಿಸಿದ ಸಾಮಾಜಿಕ ಅಂತರದ ಮಾಪಕವೂ ಇದೇ ಜಾಡಿನದು. ಬೀದಿಯಿಂದ ಮನೆಯೊಳಗಿನವರೆಗೆ ಇನ್ನೊಬ್ಬರನ್ನು ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತೀರಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಅದು ಕೇಳುತ್ತದೆ. ಅದರ ಕೊನೆಯ ಮೆಟ್ಟಿಲು ಮದುವೆ. ನಮ್ಮ ಕರಾವಳಿಯ ಇಂದಿನ ವಾತಾವರಣದಲ್ಲಿ ಹದಿಹರೆಯದವರಿಗೆ ಆ ಪ್ರಶ್ನೆ ಕೇಳಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಪ್ರಶ್ನಾವಳಿಯ ಒಂದು ಪ್ರತಿ ಹೊರಗೆ ಹೋದರೂ ಇಡೀ ಕಾರ್ಯಕ್ರಮದ ಉದ್ದೇಶವನ್ನೇ ಬೇರೆಯಾಗಿ ಹೇಳಲು ಅದು ಸಾಕಾಗುತ್ತದೆ.

ಪ್ರಶ್ನೆ ಕೇಳುವವರು ಯಾರು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಸ್ವಂತ ಕೇರಿಯವರು ಕೇಳಿದರೆ ಒಂದು, ಆಚೆ ಕೇರಿಯವರು ಕೇಳಿದರೆ ಇನ್ನೊಂದು, ಕಾರ್ಯಕ್ರಮ ನಡೆಸುವವರೇ ಕೇಳಿದರೆ ಮತ್ತೊಂದು. ಮೂರನೆಯದನ್ನು ಪೂರ್ಣವಾಗಿ ತಪ್ಪಿಸಿ. ಪಕ್ಕದ ತಾಲೂಕಿನ ಸ್ನೇಹ ಸಂಘಟನೆಯೊಂದರೊಡನೆ ಮಾತನಾಡಿಕೊಂಡು, ಅವರ ಕಾರ್ಯಕರ್ತರು ನಿಮ್ಮಲ್ಲಿಗೂ ನಿಮ್ಮವರು ಅವರಲ್ಲಿಗೂ ಹೋಗಿ ಕೇಳುವಂತೆ ಮಾಡಿಕೊಂಡರೆ ಖರ್ಚು ಬಸ್ ಚಾರ್ಜಿನಷ್ಟೇ. ಹುಡುಗಿಯರನ್ನು ಹೆಂಗಸರೇ ಕೇಳಲಿ. ಮೊದಲ ಸಲ ಯಾರು ಕೇಳಿದ್ದರೋ ಎರಡನೆಯ ಸಲವೂ ಸಾಧ್ಯವಾದಷ್ಟು ಅವರೇ ಕೇಳಲಿ. ಮನೆಯಲ್ಲಿ ಕೊಂಕಣಿಯೋ ನವಾಯತಿಯೋ ಆಡುವವರಿಗೆ ಪ್ರಶ್ನೆಯನ್ನು ಆ ಭಾಷೆಯಲ್ಲೇ ಬಾಯಿಮಾತಿನಲ್ಲಿ ಕೇಳಬೇಕು; ಅನುವಾದಿಸಿದವರನ್ನು ಬಿಟ್ಟು ಇನ್ನೊಬ್ಬರಿಂದ ಅದನ್ನು ಕನ್ನಡಕ್ಕೆ ಮರಳಿ ಹೇಳಿಸಿ, ಅರ್ಥ ಜಾರಿದೆಯೇ ಎಂದು ನೋಡಿಕೊಳ್ಳಬೇಕು.

ಕೇಳುವುದಕ್ಕಿಂತ ನೋಡುವುದು ಹೆಚ್ಚು ನಿಜ ಹೇಳುತ್ತದೆ, ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಸಮುದ್ರದಂಡೆಯ ಊರೊಂದರ ವಾಲಿಬಾಲ್ ಅಂಗಳವನ್ನು ತೆಗೆದುಕೊಳ್ಳೋಣ. ಆಟ ನಡೆಯುವಾಗ ಯಾರು ಯಾರಿಗೆ ಚೆಂಡು ಕೊಟ್ಟರು ಎಂಬುದು ಮುಖ್ಯವಲ್ಲ, ಅಲ್ಲಿ ಆಟದ ನಿಯಮ ಕೆಲಸ ಮಾಡುತ್ತಿರುತ್ತದೆ. ಆಟ ಶುರುವಾಗುವ ಮೊದಲಿನ ಕಾಲು ಗಂಟೆ ಮತ್ತು ಮುಗಿದ ನಂತರದ ಕಾಲು ಗಂಟೆ ಮುಖ್ಯ. ಚಪ್ಪಲಿ ಬಿಟ್ಟು ದಂಡೆಯ ಕಟ್ಟೆಯ ಮೇಲೆ ಯಾರ ಪಕ್ಕ ಯಾರು ಕುಳಿತರು, ಒಂದೇ ನೀರಿನ ಬಾಟಲಿ ಎಷ್ಟು ಕೈ ದಾಟಿತು, ಆಟ ಮುಗಿದ ಮೇಲೆ ಗೂಡಂಗಡಿಗೆ ಯಾರು ಯಾರ ಜೊತೆ ನಡೆದರು, ಬೈಕಿನ ಹಿಂದೆ ಯಾರನ್ನು ಯಾರು ಕೂರಿಸಿಕೊಂಡು ಹೋದರು, ಕತ್ತಲಾದ ಮೇಲೆ ತಮ್ಮ ಕೇರಿಯ ತಿರುವಿನಲ್ಲಿ ನಿಂತು ಮಾತು ಮುಂದುವರಿಸಿದ ಜೋಡಿಗಳಲ್ಲಿ ಬೆರಕೆ ಎಷ್ಟು. ನೋಟ್‌ಪುಸ್ತಕದ ಒಂದು ಪುಟಕ್ಕೆ ಒಂದು ಸಂಜೆ. ಮೇಲೆ ದಿನಾಂಕ, ಮಳೆಯೋ ಬಿಸಿಲೋ, ಒಟ್ಟು ಎಷ್ಟು ಮಂದಿ. ಕೆಳಗೆ ಗುಂಪು ಗುಂಪಾಗಿ ಕುಳಿತವರ ಚುಕ್ಕೆಗಳು, ಒಂದು ಕೇರಿಗೆ ಒಂದು ಆಕಾರ. ಹೆಸರು ಬರೆಯಬೇಡಿ. ತಿಂಗಳಿಗೆ ಎರಡು ಸಂಜೆ ಇದನ್ನು ಮಾಡಿದರೆ ಸಾಕು, ಆದರೆ ತಿಂಗಳಿಗೊಮ್ಮೆಯಾದರೂ ಇಬ್ಬರು ಬೇರೆ ಬೇರೆಯಾಗಿ ಕುಳಿತು ಬರೆದು, ಕೊನೆಯಲ್ಲಿ ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಇಬ್ಬರೂ ಒಂದೇ ರೀತಿ ಬರೆದಿದ್ದರೆ ನೋಟ ನಂಬಬಹುದಾದದ್ದು; ಇಲ್ಲವಾದರೆ ‘ಜೊತೆಗೆ ಕುಳಿತರು’ ಎಂದರೆ ಎಷ್ಟು ದೂರದಲ್ಲಿ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ನೀವು ಹೀಗೆ ಬರೆದುಕೊಳ್ಳುತ್ತೀರೆಂಬುದು ಆಡಲು ಬರುವವರೆಲ್ಲರಿಗೂ ಮೊದಲೇ ತಿಳಿದಿರಬೇಕು. ಮೊದಲ ಕೆಲವು ಸಂಜೆ ಅವರು ಎಚ್ಚರದಿಂದಿರುತ್ತಾರೆ, ಆಮೇಲೆ ಮರೆಯುತ್ತಾರೆ.

ಯಾವ ಕಾಲದಲ್ಲಿ ಅಳೆಯಬೇಕು

ಹೊರಗಿನ ಮೌಲ್ಯಮಾಪಕರು ಹೆಚ್ಚಾಗಿ ಎಡವುವುದು ಇಲ್ಲಿ. ಅನುದಾನದ ವರ್ಷ ಏಪ್ರಿಲಿನಲ್ಲಿ ಶುರುವಾಗಿ ಮಾರ್ಚಿನಲ್ಲಿ ಮುಗಿಯುತ್ತದೆ. ಕರಾವಳಿಯ ವರ್ಷ ಹಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟಿಗೆ ಹೋಗುವ ಹುಡುಗರೆಲ್ಲ ಊರಿನಲ್ಲಿರುತ್ತಾರೆ, ಕೈಯಲ್ಲಿ ಕಾಸು ಕಡಿಮೆ, ಹೊತ್ತು ಹೆಚ್ಚು. ಆಗಸ್ಟ್ ಬಂದರೆ ಅದೇ ಹುಡುಗರು ಸಿಗುವುದೇ ಇಲ್ಲ. ಶಿರಸಿ, ಸಿದ್ದಾಪುರಗಳ ಕಡೆ ಅಡಿಕೆ ಕೊಯ್ಲಿನ ಚಳಿಗಾಲದಲ್ಲಿ ತೋಟದ ಒಡೆಯರ ಮಕ್ಕಳಿಗೂ ಕೆಲಸಕ್ಕೆ ಬರುವವರ ಮಕ್ಕಳಿಗೂ ದಿನವಿಡೀ ಮುಖಾಮುಖಿ ಇರುತ್ತದೆ, ಸಮಾನ ಸ್ಥಾನ ಮಾತ್ರ ಇರುವುದಿಲ್ಲ. ರಂಜಾನ್, ಸುಗ್ಗಿ, ಪರೀಕ್ಷೆ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆ, ಚುನಾವಣೆ, ಇವುಗಳಲ್ಲಿ ಒಂದೊಂದೂ ಹುಡುಗರು ಯಾರ ಜೊತೆ ಇರುತ್ತಾರೆ ಎಂಬುದನ್ನು ಬದಲಿಸುತ್ತದೆ. ಆರಂಭದ ಸಮೀಕ್ಷೆಯನ್ನು ಜುಲೈಯಲ್ಲಿ ಮಾಡಿ ಕೊನೆಯದನ್ನು ಜನವರಿಯಲ್ಲಿ ಮಾಡಿದರೆ ನೀವು ಅಳೆದದ್ದು ಋತುವನ್ನು. ಮೊದಲ ಸಲ ಯಾವ ತಿಂಗಳೋ ಎರಡನೆಯ ಸಲವೂ ಅದೇ ತಿಂಗಳಾಗಲಿ. ಅನುದಾನ ಕೊಡುವವರಿಗೆ ಇದನ್ನು ಮೊದಲೇ ವಿವರಿಸಿ ವರದಿಯ ಗಡುವನ್ನು ಹೊಂದಿಸಿಕೊಳ್ಳಿ.

ವಿಪತ್ತುಗಳನ್ನೂ ದಿನಾಂಕ ಸಹಿತ ಬರೆದಿಡಿ. 2019 ಮತ್ತು 2021ರ ನೆರೆ, 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೂ ಗಂಗಾವಳಿ ದಂಡೆಯೂ ಕಂಡ ದುರಂತ, ಇಂತಹ ಹೊತ್ತಿನಲ್ಲಿ ಜಾತಿ ಧರ್ಮ ನೋಡದೆ ಜನ ಕೈಜೋಡಿಸುತ್ತಾರೆ. ಆ ಒಗ್ಗಟ್ಟು ದೊಡ್ಡದು, ಅದರ ಶ್ರೇಯ ಮಾತ್ರ ನಿಮ್ಮ ಕಾರ್ಯಕ್ರಮದ್ದಲ್ಲ. ಪರಿಹಾರದ ಪಟ್ಟಿಯ ಸುತ್ತ ಮುಂದೆ ಹುಟ್ಟುವ ಜಗಳದ ಹೊಣೆಯೂ ನಿಮ್ಮದಲ್ಲ.

ಹೋಲಿಕೆ, ಮತ್ತು ಸಿಗದವರ ಲೆಕ್ಕ

ಮೊದಲು ಮತ್ತು ನಂತರ ಅಳೆದರಷ್ಟೇ ಸಾಲದು. ಕಾರ್ಯಕ್ರಮವಿಲ್ಲದಿದ್ದರೂ ಆಗುತ್ತಿದ್ದ ಬದಲಾವಣೆಯನ್ನು ಕಳೆಯಬೇಕು. ಇದಕ್ಕಾಗಿ ಬೇರೆ ಊರಿನ ಮಕ್ಕಳನ್ನು ಕೇವಲ ಪ್ರಶ್ನೆ ಕೇಳಲು ಬಳಸಿ ಕೈಬಿಡುವುದು ಸರಿಯಲ್ಲ. ಮುಂದಿನ ವರ್ಷ ಸೇರಲಿರುವ ತಂಡವನ್ನೇ ಈ ವರ್ಷ ಹೋಲಿಕೆಗೆ ಇಟ್ಟುಕೊಳ್ಳುವುದು ನ್ಯಾಯವೂ ಹೌದು, ಸುಲಭವೂ ಹೌದು. ಲೆಕ್ಕ ಹೇಗೆಂದು ತೋರಿಸಲು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಈ ವರ್ಷದ ತಂಡದಲ್ಲಿ 40 ಮಂದಿ. ಕಳೆದ ತಿಂಗಳಲ್ಲಿ ಬೇರೆ ಸಮುದಾಯದವರ ಮನೆಗೆ ಹೋಗಿದ್ದೇವೆ ಎಂದವರು ಆರಂಭದಲ್ಲಿ 8, ವರ್ಷದ ಕೊನೆಗೆ 18. ಅಂದರೆ ಶೇಕಡಾ 20ರಿಂದ 45. ಮುಂದಿನ ವರ್ಷದ ತಂಡದಲ್ಲೂ 40 ಮಂದಿ; ಅವರಲ್ಲಿ ಅದೇ ಅವಧಿಯಲ್ಲಿ 9 ಇದ್ದದ್ದು 13 ಆಯಿತು. ನಿಮ್ಮ ತಂಡದಲ್ಲಿ 10 ಮಂದಿ ಹೆಚ್ಚಿದರು, ಹೋಲಿಕೆಯಲ್ಲಿ 4 ಮಂದಿ. ಕಾರ್ಯಕ್ರಮದ ಪಾಲೆಂದು ಹೇಳಬಹುದಾದದ್ದು 6 ಮಂದಿಯಷ್ಟು. ಇಷ್ಟು ಸಣ್ಣ ತಂಡದಲ್ಲಿ ಒಬ್ಬ ಹುಡುಗನ ಉತ್ತರವೇ ಶೇಕಡಾ ಎರಡೂವರೆಯಾಗುವುದರಿಂದ ದಶಾಂಶ ಹಾಕಿ ಬರೆಯುವುದು ಬೇಡ. ‘40ರಲ್ಲಿ ಸುಮಾರು 6’ ಎಂದೇ ಬರೆಯಿರಿ. ಆಕಸ್ಮಿಕವಾಗಿಯೂ ಇಷ್ಟು ವ್ಯತ್ಯಾಸ ಬರಬಹುದು, ಆದ್ದರಿಂದ ಎರಡು ಮೂರು ವರ್ಷ ಇದೇ ದಿಕ್ಕಿನಲ್ಲಿ ಫಲಿತಾಂಶ ಬಂದ ಮೇಲೆಯೇ ಗಟ್ಟಿಯಾಗಿ ಮಾತನಾಡಬೇಕು.

ಈಗ ಹೆಚ್ಚು ಕಷ್ಟದ ಭಾಗ. ಆ 18 ಮಂದಿ ಬಂದದ್ದು ವರ್ಷದ ಕೊನೆಗೆ ಸಿಕ್ಕ 30 ಮಂದಿಯಿಂದ ಎಂದಿಟ್ಟುಕೊಳ್ಳಿ. 30ರಲ್ಲಿ 18 ಎಂದರೆ ಶೇಕಡಾ 60 ಎಂದು ಬರೆಯುವ ಆಸೆ ಸಹಜ. ಉಳಿದ 10 ಮಂದಿ ಎಲ್ಲಿ? ಕೆಲವರು ಗೋವೆಗೋ ಗಲ್ಫಿಗೋ ಹೋಗಿರಬಹುದು, ಕೆಲವು ಹುಡುಗಿಯರನ್ನು ಮನೆಯವರು ಬಿಡಿಸಿರಬಹುದು, ಇಬ್ಬರು ಮೂವರು ಜಗಳವಾಡಿ ಬಿಟ್ಟಿರಬಹುದು. ಬಿಟ್ಟುಹೋದವರೇ ಈ ಕೆಲಸದ ಅತಿ ಮುಖ್ಯ ಸಾಕ್ಷಿಗಳು. ಅವರನ್ನು ಫೋನಿನಲ್ಲಾದರೂ ಹುಡುಕಿ ಕೇಳಿ. ಸಿಗದವರನ್ನು ಬದಲಾಗದವರೆಂದೇ ಎಣಿಸಿ 40ಕ್ಕೆ ಲೆಕ್ಕ ಹಾಕಿ, ಎಷ್ಟು ಮಂದಿ ಸಿಗಲಿಲ್ಲವೆಂದು ವರದಿಯ ಮೊದಲ ಪುಟದಲ್ಲೇ ಹೇಳಿ. ಮುಂದಿನ ವರ್ಷದ ತಂಡದಲ್ಲಿ ಸಿಗದವರನ್ನೂ ಹೀಗೆಯೇ ಎಣಿಸಬೇಕು, ಇಲ್ಲವಾದರೆ ಹೋಲಿಕೆ ಕೆಡುತ್ತದೆ.

ಅಂಕಿ ಹೇಳದ್ದನ್ನು ಕಥನ ಹೇಳುತ್ತದೆ. ರಿಕ್ ಡೇವಿಸ್ ಎಂಬವರು 1990ರ ದಶಕದಲ್ಲಿ ಬಾಂಗ್ಲಾದೇಶದ ಗ್ರಾಮೀಣ ಕೆಲಸಕ್ಕಾಗಿ ರೂಪಿಸಿದ ಕ್ರಮವೊಂದು ನಮ್ಮ ಊರುಗಳಿಗೆ ಚೆನ್ನಾಗಿ ಹೊಂದುತ್ತದೆ. ಕಳೆದ ಆರು ತಿಂಗಳಲ್ಲಿ ನಿನ್ನ ಬದುಕಿನಲ್ಲಿ ಆದ ಅತಿ ಮುಖ್ಯ ಬದಲಾವಣೆ ಯಾವುದು, ಅದು ಏಕೆ ಮುಖ್ಯ ಎಂದು ಪ್ರತಿಯೊಬ್ಬರನ್ನೂ ಕೇಳಿ ಅವರ ಮಾತಿನಲ್ಲೇ ಬರೆದುಕೊಳ್ಳುವುದು. ಬಳಿಕ ಆ ಕಥನಗಳನ್ನು ಒಂದು ಸಣ್ಣ ಸಮಿತಿ ಓದಿ, ಚರ್ಚಿಸಿ, ಯಾವುದು ಹೆಚ್ಚು ಅರ್ಥಪೂರ್ಣ ಎಂದು ಆರಿಸಿ, ಆರಿಸಿದ್ದಕ್ಕೆ ಕಾರಣ ಬರೆಯುವುದು. ಸಮಿತಿಯಲ್ಲಿ ಎಲ್ಲ ಕೇರಿಗಳವರೂ ಇರಲಿ, ಅರ್ಧದಷ್ಟಾದರೂ ಹೆಂಗಸರಿರಲಿ. ಕೆಟ್ಟ ಬದಲಾವಣೆಯ ಕಥನವೊಂದನ್ನೂ ಕಡ್ಡಾಯವಾಗಿ ಆರಿಸಬೇಕೆಂಬ ನಿಯಮವನ್ನು ಮೊದಲೇ ಮಾಡಿಕೊಳ್ಳಿ. ಆರಿಸಿದ ಕಥನವನ್ನು ಹೊರಗಿನವರಿಂದ ಪರಿಶೀಲಿಸಿಕೊಳ್ಳಬಹುದು. ಶಾಲೆಯ ಶಿಕ್ಷಕರು, ಆಶಾ ಕಾರ್ಯಕರ್ತೆ, ಟೆಂಪೋ ಚಾಲಕ, ಗೂಡಂಗಡಿಯವರು ದಿನವೂ ಈ ಹುಡುಗರನ್ನು ನೋಡುವವರು. ಒಬ್ಬೊಬ್ಬರ ಹೆಸರು ಹೇಳದೆ, ‘ಈಚೆಗೆ ಇಲ್ಲಿ ಹುಡುಗರ ಗುಂಪು ಹೇಗಿದೆ’ ಎಂದು ಕೇಳಿದರೆ ಅವರು ಹೇಳುವುದು ಬಹಳ.

ಉದ್ವೇಗದ ದಿನ

ಯಾವುದೋ ಊರಿನಲ್ಲಿ ಏನೋ ಆಗಿ, ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ ಹರಿದಾಡಿ, ಸಂಜೆಯೊಳಗೆ ಅಂಗಡಿಗಳ ಬಾಗಿಲು ಮುಚ್ಚುವ ದಿನ ಎಂದಾದರೂ ಬರುತ್ತದೆ. ಯುವಜನರೊಡನೆ ಮಾಡಿದ ಕೆಲಸ ನಿಜವಾಗಿ ಎಷ್ಟು ಬೇರು ಬಿಟ್ಟಿದೆ ಎಂಬುದು ಆ ದಿನ ತಿಳಿಯುತ್ತದೆ. ಆ ವಿಡಿಯೋವನ್ನು ಮುಂದೆ ಕಳಿಸಿದವರೆಷ್ಟು, ತಡೆದವರೆಷ್ಟು, ಆಚೆ ಕೇರಿಯ ಗೆಳೆಯನಿಗೆ ‘ಮನೆ ಸೇರಿದೆಯಾ’ ಎಂದು ಫೋನ್ ಮಾಡಿದವರೆಷ್ಟು, ತಂಡದ ಗ್ರೂಪು ಎಷ್ಟು ದಿನ ಮೌನವಾಗಿತ್ತು, ಮೊದಲು ಮಾತು ಶುರು ಮಾಡಿದವರು ಯಾವ ಕಡೆಯವರು, ಆಟ ಮತ್ತೆ ಎಷ್ಟನೆಯ ದಿನ ಶುರುವಾಯಿತು. ಇವೆಲ್ಲ ಅಳೆಯಬಹುದಾದ ಸಂಗತಿಗಳು. ಆದರೆ ಅಂದೇ ಕೇಳಬಾರದು. ಊರು ತಣ್ಣಗಾಗಿ ಕನಿಷ್ಠ ಎರಡು ಮೂರು ವಾರ ಕಳೆದ ಮೇಲೆ, ಒಬ್ಬೊಬ್ಬರನ್ನಾಗಿ, ‘ನೀನು ಏನು ಮಾಡಿದೆ’ ಎಂದಷ್ಟೇ ಕೇಳಬೇಕು. ‘ಯಾರು ಏನು ಮಾಡಿದರು’ ಎಂದು ಎಂದಿಗೂ ಕೇಳಬಾರದು. ಗಲಭೆಯಲ್ಲಿ ಭಾಗವಹಿಸಿದವರ ವಿವರ ನಿಮ್ಮ ಪುಸ್ತಕದಲ್ಲಿದ್ದರೆ ಅದು ಅಳತೆಯ ದಾಖಲೆಯಾಗಿ ಉಳಿಯುವುದಿಲ್ಲ, ಸಾಕ್ಷ್ಯವಾಗುತ್ತದೆ. ಮಕ್ಕಳನ್ನು ಆ ಹೊತ್ತಿನಲ್ಲಿ ‘ಶಾಂತಿದೂತ’ರೆಂದು ಬೀದಿಗೆ ಕಳಿಸಿ ಫೋಟೋ ತೆಗೆಸುವುದು ಅಳತೆಯೂ ಅಲ್ಲ, ಕೆಲಸವೂ ಅಲ್ಲ; ಅದು ಅಪಾಯ.

ಮಾಹಿತಿಯ ಹೊಣೆ

ಒಡಕಿನ ಊರಿನಲ್ಲಿ ಯಾರು ಯಾರ ಗೆಳೆಯರು ಎಂಬ ಪಟ್ಟಿ ತಪ್ಪು ಕೈಗೆ ಸಿಕ್ಕರೆ ಹೊಡೆತ ತಿನ್ನುವುದು ಆ ಮಕ್ಕಳು. ಹುಡುಗ ಹುಡುಗಿಯರ ನಡುವಿನ, ಅದರಲ್ಲೂ ಧರ್ಮ ದಾಟಿದ ಸ್ನೇಹವನ್ನು ಹೆಸರು, ಊರು, ಗುರುತು ಸಿಗುವ ಯಾವ ರೂಪದಲ್ಲೂ ಬರೆಯಲೇಬೇಡಿ. ಕರಾವಳಿಯಲ್ಲಿ ಬಸ್ಸಿನಲ್ಲಿ ಒಟ್ಟಿಗೆ ಕುಳಿತದ್ದಕ್ಕೇ ಹಲ್ಲೆಯಾದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ಸಂಖ್ಯೆ ಮತ್ತು ಹೆಸರಿನ ಪಟ್ಟಿಯನ್ನು ಉತ್ತರಗಳಿಂದ ಬೇರೆಯಾಗಿ, ಬೇರೆಯವರ ಬಳಿ, ಬೀಗದೊಳಗೆ ಇಡಿ. ಉತ್ತರಗಳ ಫೋಟೋ ತೆಗೆದು ಕಾರ್ಯಕರ್ತರ ಗ್ರೂಪಿಗೆ ಹಾಕುವ ಅಭ್ಯಾಸವನ್ನು ಮೊದಲ ದಿನವೇ ನಿಲ್ಲಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ತಂದೆ ತಾಯಿಯ ಅಥವಾ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆಯನ್ನು ಕೇಳುತ್ತದೆ. ಆ ಒಪ್ಪಿಗೆಯ ಜೊತೆಗೆ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು, ಬೇಡವೆಂದರೆ ಆಟದಿಂದ ಹೊರಗಿಡುವುದಿಲ್ಲವೆಂದು ಸ್ಪಷ್ಟವಾಗಿ ಹೇಳಬೇಕು. ಮಾತಿನ ನಡುವೆ ಮಗುವೊಂದು ತನ್ನ ಮೇಲಾದ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರೆ ಗೌಪ್ಯತೆಯ ಭರವಸೆ ಅಲ್ಲಿಗೆ ನಿಲ್ಲುತ್ತದೆ; 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಅದನ್ನು ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098 ಪ್ರಶ್ನೆ ಕೇಳುವ ಪ್ರತಿಯೊಬ್ಬರ ಬಾಯಲ್ಲಿರಲಿ, ಮತ್ತು ಈ ಮಿತಿಯನ್ನು ಮಗುವಿಗೆ ಮಾತು ಶುರುವಾಗುವ ಮೊದಲೇ ತಿಳಿಸಿರಿ.

ಫಲಿತಾಂಶ ಮೊದಲು ಹೋಗಬೇಕಾದದ್ದು ಅನುದಾನ ಕೊಡುವವರಿಗಲ್ಲ, ಉತ್ತರಿಸಿದ ಯುವಜನರಿಗೆ. ಗ್ರಾಮ ಪಂಚಾಯತ್ ಗ್ರಂಥಾಲಯದಲ್ಲೋ ಶಾಲೆಯ ಜಗಲಿಯಲ್ಲೋ ಅವರನ್ನು ಕೂಡಿಸಿ, ನಾಲ್ಕೈದು ಅಂಕಿಗಳನ್ನು ದೊಡ್ಡದಾಗಿ ಬರೆದು, ‘ಇದು ನಿಮಗೆ ನಿಜವೆನಿಸುತ್ತದೆಯೇ’ ಎಂದು ಕೇಳಿ. ಮನೆಗೆ ಹೋಗುವವರ ಸಂಖ್ಯೆ ಹೆಚ್ಚಿದೆ ಎಂದು ನೀವು ತೋರಿಸಿದಾಗ, ಹೋದದ್ದು ನಿಜ, ಆದರೆ ಅಜ್ಜಿ ಒಳಗಿದ್ದರೆ ಹೋಗುವುದಿಲ್ಲ ಎಂದು ಯಾರಾದರೂ ಹೇಳಬಹುದು. ಆ ಮಾತು ಮುಂದಿನ ವರ್ಷದ ಪ್ರಶ್ನಾವಳಿಗೆ ಒಂದು ಹೊಸ ಪ್ರಶ್ನೆ. ಅವರ ಅಭಿಪ್ರಾಯವನ್ನು ವರದಿಯಲ್ಲಿ ನಿಮ್ಮ ತೀರ್ಮಾನದ ಪಕ್ಕದಲ್ಲೇ ಸೇರಿಸಿ, ಎರಡೂ ಹೊಂದದಿದ್ದರೆ ಹೊಂದಿಸಲು ಹೋಗದೆ ಹಾಗೆಯೇ ಬಿಡಿ. ಅಂಕಿಗಳನ್ನು ಪ್ರಕಟಿಸುವಾಗ ಐದಕ್ಕಿಂತ ಕಡಿಮೆ ಜನರಿರುವ ಯಾವ ಗುಂಪನ್ನೂ ಬೇರೆಯಾಗಿ ತೋರಿಸಬೇಡಿ. ಊರಿನಲ್ಲಿ ಆ ಸಮುದಾಯದ ಮನೆಗಳು ಮೂರೇ ಇದ್ದರೆ ‘ಒಬ್ಬ’ ಎಂದರೆ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಹೆಸರಿನ ಪಟ್ಟಿಯನ್ನು ಕೊನೆಯ ಸುತ್ತಿನ ಪ್ರಶ್ನೆಗಳು ಮುಗಿದು ಲೆಕ್ಕ ಪರಿಶೀಲನೆಯಾದ ತಿಂಗಳೊಳಗೆ, ಇಬ್ಬರ ಎದುರಿನಲ್ಲಿ ಹರಿದು ಸುಟ್ಟು, ಸುಟ್ಟ ದಿನಾಂಕವನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಸಂಖ್ಯೆಗಳಷ್ಟೇ ಇರುವ ಉತ್ತರದ ಹಾಳೆಗಳು, ಬಣ್ಣ ಹಚ್ಚಿದ ನಕ್ಷೆಗಳು, ಮೈದಾನದ ಚುಕ್ಕೆಗಳ ಪುಸ್ತಕಗಳು ಮುಂದಿನ ಕಾರ್ಯಕರ್ತರಿಗೆ ಬೇಕಾಗುವುದರಿಂದ ಅವು ಸಂಘದ ಕಪಾಟಿನಲ್ಲಿ, ಮಳೆಗಾಲದ ತೇವ ತಾಗದ ಕಡೆ ಉಳಿಯಲಿ.